ಎರಡು ಕೈಗೆ ಎರಡು ಬಗೆಯ ನೋವು

ಮಡಿಕೇರಿಯ ಹೊರವಲಯದಲ್ಲಿರುವ ನಮ್ಮ ಮನೆಯ ಒಂದು ಕೋಣೆಯಲ್ಲಿ ಕುಳಿತು ಹದಿನಾಲ್ಕು ವರ್ಷಗಳಿಂದ ನಾನು ಕನ್ನಡ ಡಿಟಿಪಿ ಕೆಲಸ ಮಾಡುತ್ತಿದ್ದೇನೆ. ಲಗ್ನಪತ್ರಿಕೆ, ಸಹಕಾರ ಸಂಘಗಳ ವಾರ್ಷಿಕ ವರದಿ, ಸ್ಮರಣ ಸಂಚಿಕೆ, ಅಪರೂಪಕ್ಕೊಂದು ಪುಸ್ತಕ, ಇವೇ ನನ್ನ ಕಸುಬು. ನಾಲ್ಕು ವರ್ಷಗಳ ಹಿಂದಿನ ಮಳೆಗಾಲದಲ್ಲಿ ನನ್ನ ಎಡ ಮಣಿಕಟ್ಟು ಕಿರುಬೆರಳಿನ ಕಡೆಯಿಂದ ನೋಯತೊಡಗಿತು. ಅದೇ ಹೊತ್ತಿಗೆ ರಾತ್ರಿ ಎರಡು ಮೂರು ಗಂಟೆಗೆ ಬಲಗೈ ಮರಗಟ್ಟಿ ಎಚ್ಚರವಾಗುವುದೂ, ಕೈಯನ್ನು ಜೋರಾಗಿ ಕೊಡವಿದ ಮೇಲೆಯೇ ಮತ್ತೆ ನಿದ್ದೆ ಹತ್ತುವುದೂ ಆರಂಭವಾಯಿತು. ಎರಡೂ ಒಂದೇ ಕಾಯಿಲೆಯೆಂದು ಭಾವಿಸಿ ನಾನು ಎರಡೂ ಕೈಗೆ ಎಣ್ಣೆ ಹಚ್ಚಿ ತಿಕ್ಕಿದೆ, ಎಲಾಸ್ಟಿಕ್ ಪಟ್ಟಿಯನ್ನು ಬಿಗಿಯಾಗಿ ಸುತ್ತಿಕೊಂಡು ಟೈಪ್ ಮಾಡಿದೆ. ಆ ಪಟ್ಟಿಯಿಂದ ಬಲಗೈಯ ಜೋಮು ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ.

ದಸರಾ ಕೆಲಸ ಮುಗಿದ ಬಳಿಕ ತೋರಿಸಿದ ವೈದ್ಯರು ಕೇಳಿದ ಮೊದಲ ಪ್ರಶ್ನೆ, "ರಾತ್ರಿ ಕಿರುಬೆರಳೂ ಮರಗಟ್ಟುತ್ತದೆಯೇ?" ಎಂಬುದಾಗಿತ್ತು. ನಾನು ಅದನ್ನು ಗಮನಿಸಿಯೇ ಇರಲಿಲ್ಲ. ಒಂದು ವಾರ ನೋಡಿ ಬರೆದಿಟ್ಟುಕೊಂಡಾಗ ತಿಳಿಯಿತು: ಬಲಗೈಯಲ್ಲಿ ಹೆಬ್ಬೆರಳು, ತೋರುಬೆರಳು, ನಡುಬೆರಳು ಮತ್ತು ಉಂಗುರದ ಬೆರಳಿನ ಅರ್ಧ ಭಾಗ ಮಾತ್ರ ಮರಗಟ್ಟುತ್ತಿತ್ತು, ಕಿರುಬೆರಳು ಚೆನ್ನಾಗಿಯೇ ಇತ್ತು. ಮಣಿಕಟ್ಟಿನೊಳಗಿನ ಕಿರಿದಾದ ಸುರಂಗದಲ್ಲಿ ಬೆರಳು ಮಡಚುವ ಒಂಬತ್ತು ಸ್ನಾಯುರಜ್ಜುಗಳ ಜೊತೆಗೆ ಮೀಡಿಯನ್ ಎಂಬ ನರ ಹಾದುಹೋಗುತ್ತದೆ, ಅಲ್ಲಿ ಒತ್ತಡ ಹೆಚ್ಚಿದರೆ ಈ ಬೆರಳುಗಳೇ ಜೋಮು ಹಿಡಿಯುತ್ತವೆ, ಕಿರುಬೆರಳಿಗೆ ಹೋಗುವ ನರದ ದಾರಿ ಬೇರೆ ಎಂದು ವೈದ್ಯರು ವಿವರಿಸಿದರು. ಇದಕ್ಕೆ ಕಾರ್ಪಲ್ ಟನಲ್ ಸಿಂಡ್ರೋಮ್ ಎಂದು ಹೆಸರು. ಮಧುಮೇಹ ಮತ್ತು ಥೈರಾಯ್ಡ್ ತೊಂದರೆಯಿಂದಲೂ ಇದು ಬರಬಹುದಾದ್ದರಿಂದ ರಕ್ತಪರೀಕ್ಷೆ ಮಾಡಿಸಿದರು; ನರದ ಪರೀಕ್ಷೆಗೆ ಮೈಸೂರಿಗೆ ಹೋಗಿಬಂದೆ. ಬಲಗೈಯಲ್ಲಿ ಸೌಮ್ಯ ಸ್ವರೂಪದ ತೊಂದರೆಯಿದೆ, ಎಡಗೈಯಲ್ಲಿ ನರದ ದೋಷವೇ ಇಲ್ಲ ಎಂದು ವರದಿ ಬಂದಿತು.

ಹಾಗಾದರೆ ಎಡಗೈ ನೋಯುವುದೇಕೆ? ಇದಕ್ಕೆ ಉತ್ತರ ನಾನು ಕನ್ನಡ ಟೈಪ್ ಮಾಡುವ ರೀತಿಯಲ್ಲೇ ಇತ್ತು, ಇದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ನುಡಿ ತಂತ್ರಾಂಶದಲ್ಲಿ ನಾವು ಬಳಸುವುದು ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸವನ್ನು. ಅದು ಕಲಿಯಲು ಬಹಳ ಸುಲಭ, ಈಗಲೂ ನನಗೆ ಅದೇ ಪ್ರಿಯ. ಆದರೆ ಅದರಲ್ಲಿ ದೀರ್ಘಗಳಿಗೂ ಮಹಾಪ್ರಾಣಗಳಿಗೂ ಶಿಫ್ಟ್ ಒತ್ತಬೇಕು. 'ಮಾಡಬೇಕಾಗಿದೆ' ಎಂಬ ಒಂದು ಪದಕ್ಕೆ ಮೂರು ಬಾರಿ, 'ಕಾವೇರಿ'ಗೆ ಎರಡು ಬಾರಿ. ಆ ದೀರ್ಘಗಳ ಕೀಲಿಗಳಾದ ಇಂಗ್ಲಿಷಿನ A ಮತ್ತು E ಎರಡೂ ಎಡಗೈಯ ಪಾಲಿನವು. ಬಲಗಡೆಯ ಶಿಫ್ಟ್ ಅನ್ನು ನಾನು ಎಂದೂ ಮುಟ್ಟಿದವನಲ್ಲ. ಎಡ ಕಿರುಬೆರಳಿನಿಂದ ಶಿಫ್ಟ್ ಹಿಡಿದು, ಅದೇ ಕೈಯ ಇನ್ನೊಂದು ಬೆರಳನ್ನು ಮೇಲಕ್ಕೆ ಚಾಚಿ ಅಕ್ಷರ ಒತ್ತುತ್ತಿದ್ದೆ. ಪ್ರತಿ ಬಾರಿಯೂ ಮಣಿಕಟ್ಟು ಕಿರುಬೆರಳಿನ ಕಡೆಗೆ ಓರೆಯಾಗುತ್ತಿತ್ತು, ದಿನಕ್ಕೆ ಸಾವಿರಾರು ಸಲ.

ಆದ್ದರಿಂದ ಅಕ್ಷರ ಒಂದು ಕೈಗೆ, ಶಿಫ್ಟ್ ಇನ್ನೊಂದು ಕೈಗೆ ಎಂದು ಹಂಚಿದೆ: ಕಾ, ಬೇ, ಶ, ಥ, ಧ ಬಂದಾಗ ಬಲಗಡೆಯ ಶಿಫ್ಟ್, ಣ, ಳ, ಸೊನ್ನೆ ಬಂದಾಗ ಎಡಗಡೆಯ ಶಿಫ್ಟ್ ಎಂದು ಕೈಗೆ ಹೊಸದಾಗಿ ಪಾಠ ಹೇಳಿದೆ. ಮೊದಲ ಮೂರು ವಾರ ವೇಗ ಅರ್ಧಕ್ಕಿಳಿಯಿತು, ತಪ್ಪುಗಳು ಹೆಚ್ಚಿ ಪ್ರೂಫ್ ತಿದ್ದುವುದೇ ದೊಡ್ಡ ಕೆಲಸವಾಯಿತು. ನೋವು ಜೋರಾಗಿದ್ದ ದಿನಗಳಲ್ಲಿ ವಿಂಡೋಸ್‌ನಲ್ಲಿರುವ ಸ್ಟಿಕಿ ಕೀಸ್ ಸೌಲಭ್ಯವನ್ನು ಬಳಸಿದೆ. ಶಿಫ್ಟ್ ಅನ್ನು ಐದು ಬಾರಿ ಒತ್ತಿದರೆ ಅದನ್ನು ಚಾಲೂ ಮಾಡಬಹುದು, ಆಮೇಲೆ ಶಿಫ್ಟ್ ಒಮ್ಮೆ ಒತ್ತಿ ಬಿಟ್ಟು ಅಕ್ಷರ ಒತ್ತಿದರೆ ಸಾಕು, ಹಿಡಿದುಕೊಳ್ಳುವ ಅಗತ್ಯವಿಲ್ಲ. ಎರಡೂವರೆ ತಿಂಗಳಲ್ಲಿ ಎಡಗೈ ನೋವು ಪೂರ್ತಿ ಹೋಯಿತು.

ಧ್ವನಿಯಿಂದ ಟೈಪ್ ಮಾಡುವುದನ್ನೂ ಪ್ರಯತ್ನಿಸಿದೆ. ಸರಳ ಗದ್ಯಕ್ಕೆ ಅದು ನಿಜಕ್ಕೂ ಉಪಯುಕ್ತ. ಆದರೆ ಸ್ಮರಣ ಸಂಚಿಕೆಗಳ ತುಂಬ ಬರುವ ಮನೆತನದ ಹೆಸರುಗಳು, 'ಐನ್‌ಮನೆ', 'ಕೈಲ್‌ಪೊಳ್ದ್' ಮುಂತಾದ ಕೊಡವ ಪದಗಳು ಅದಕ್ಕೆ ಸಿಕ್ಕುವುದಿಲ್ಲ. ಜುಲೈ ತಿಂಗಳಲ್ಲಂತೂ ಶೀಟಿನ ಮೇಲೆ ಬೀಳುವ ಮಳೆಯ ಸದ್ದಿನಲ್ಲಿ ನನ್ನ ಮಾತು ನನಗೇ ಕೇಳುವುದಿಲ್ಲ.

ಬಲಗೈಗೆ ವೈದ್ಯರು ರಾತ್ರಿ ಮಾತ್ರ ಧರಿಸಲು ಸ್ಪ್ಲಿಂಟ್, ಅಂದರೆ ಮಣಿಕಟ್ಟು ಅಲುಗದಂತೆ ಹಿಡಿಯುವ ಕವಚ, ಹೇಳಿದರು. ಔಷಧಿ ಅಂಗಡಿಯಲ್ಲಿ ಸಿಕ್ಕಿದ ಸ್ಪ್ಲಿಂಟಿನೊಳಗಿನ ಲೋಹದ ಪಟ್ಟಿ ಮೇಲ್ಮುಖವಾಗಿ ಬಾಗಿತ್ತು, ಹಾಗೆಯೇ ಹಾಕಿಕೊಂಡು ಮಲಗಿದ್ದರಿಂದ ಮೊದಲ ವಾರ ಏನೂ ಗುಣ ಕಾಣಲಿಲ್ಲ. ಫಿಸಿಯೋಥೆರಪಿಸ್ಟ್ ಆ ಪಟ್ಟಿಯನ್ನು ಹೊರತೆಗೆದು ನೇರ ಮಾಡಿಕೊಟ್ಟರು. ಮಣಿಕಟ್ಟು ಮೇಲಕ್ಕೂ ಕೆಳಕ್ಕೂ ಬಾಗದೆ ನೇರವಾಗಿದ್ದಾಗಲೇ ಸುರಂಗದೊಳಗಿನ ಒತ್ತಡ ಕಡಿಮೆಯಿರುತ್ತದೆಯಂತೆ. ಆರು ವಾರ ಬಿಡದೆ ಧರಿಸಿದ ಬಳಿಕ ರಾತ್ರಿ ಎಚ್ಚರವಾಗುವುದು ನಿಂತಿತು. ಅವರೇ ಕಲಿಸಿದ ಬೆರಳಿನ ವ್ಯಾಯಾಮಗಳನ್ನು, ಬೇಗ ಗುಣವಾಗಲೆಂದು, ಮೊದಲಿಗೆ ಬಲವಾಗಿ ಎಳೆದೆಳೆದು ಮಾಡಿ ಜೋಮು ಹೆಚ್ಚಿಸಿಕೊಂಡಿದ್ದೆ. ಅವನ್ನು ಮೃದುವಾಗಿ, ಜೋಮು ಶುರುವಾಗುವ ಮೊದಲೇ ನಿಲ್ಲಿಸಿ ಮಾಡಬೇಕು.

ನನ್ನ ಮೇಜು ಅಜ್ಜನ ಕಾಲದ ಬೀಟೆ ಮರದ್ದು, 30 ಇಂಚು ಎತ್ತರ. ಅದನ್ನು ಕತ್ತರಿಸಲು ಮನಸ್ಸು ಬಾರದೆ, ಮೊಣಕೈ ಮೇಜಿನ ಮಟ್ಟಕ್ಕೆ ಬರುವಷ್ಟು ಕುರ್ಚಿಯನ್ನೇ ಎತ್ತರಿಸಿ, ಕಾಲ ಕೆಳಗೆ ಮಣೆಯಿಟ್ಟುಕೊಂಡೆ. ಕೀಲಿಮಣೆಯ ಹಿಂದಿನ ಪುಟ್ಟ ಕಾಲುಗಳನ್ನು ಮಡಚಿದೆ. ಅಂಕಿಗಳ ಭಾಗವಿಲ್ಲದ ಕೀಲಿಮಣೆ ತಂದದ್ದರಿಂದ ಮೌಸ್ ಭುಜದ ನೇರಕ್ಕೆ ಹತ್ತಿರ ಬಂದಿತು.

ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಥಂಡಿಗೆ ಬೆರಳು ಸೆಟೆದಿರುತ್ತವೆ, ಆದ್ದರಿಂದ ಬೆಳಗ್ಗೆ ಹತ್ತು ನಿಮಿಷ ಬಿಸಿನೀರಿನಲ್ಲಿ ಕೈಯಿಟ್ಟ ಮೇಲೆಯೇ ಕೆಲಸಕ್ಕೆ ಕೂರುತ್ತೇನೆ. ಕರೆಂಟು ಹೋಗಿ ಬಂದೊಡನೆ, ಮತ್ತೆ ಹೋದೀತೆಂಬ ಆತಂಕದಲ್ಲಿ ನಾಲ್ಕೈದು ಗಂಟೆ ಒಂದೇ ಸಮನೆ ಟೈಪ್ ಮಾಡುವುದು ನನ್ನ ಹಳೆಯ ಅಭ್ಯಾಸವಾಗಿತ್ತು. ಕೈಗೆ ಅತಿ ಹೆಚ್ಚು ಹಾನಿ ಮಾಡಿದ್ದು ಅದೇ ಎಂದು ನನ್ನ ಬಲವಾದ ನಂಬಿಕೆ. ಮೊಬೈಲ್ ಅಲಾರಂ ಇಟ್ಟರೆ ಆರಿಸಿಬಿಡುತ್ತಿದ್ದೆ. ಈಗ ಒಂದು ಪುಟ ಮುಗಿದರೆ ಎದ್ದು ಬಾಗಿಲವರೆಗೆ ಹೋಗಿಬರುತ್ತೇನೆ, ಅವಸರದ ಕೆಲಸವಿದ್ದರೆ ಗಿರಾಕಿಗೆ ಮೊದಲೇ ಒಂದು ದಿನ ಹೆಚ್ಚು ಕೇಳುತ್ತೇನೆ.

ಹಿಡಿದ ವಸ್ತು ಕೈಯಿಂದ ಜಾರಿ ಬೀಳುತ್ತಿದ್ದರೆ, ಹೆಬ್ಬೆರಳಿನ ಬುಡದ ಮಾಂಸಲ ಭಾಗ ಕರಗಿದಂತೆ ಕಂಡರೆ, ಇಂಥ ಮನೆಯ ಏರ್ಪಾಡುಗಳನ್ನು ನಂಬಿ ಕಾಯಬಾರದು. ಆ ಹಂತದಲ್ಲಿ ಶಸ್ತ್ರಚಿಕಿತ್ಸೆ ಬೇಕಾಗಬಹುದು, ತಡವಾದರೆ ಹೋದ ಶಕ್ತಿ ಪೂರ್ತಿ ಮರಳದೇ ಇರಬಹುದು. ನನ್ನದು ಅಲ್ಲಿಗೆ ಹೋಗಲಿಲ್ಲ. ಸುಂಟಿಕೊಪ್ಪದ ಕಡೆಗೆ ಬಹಳ ಹೊತ್ತು ಬೈಕ್ ಓಡಿಸಿದ ದಿನ ಬಲಗೈಯ ಮೂರು ಬೆರಳು ಈಗಲೂ ಸಣ್ಣಗೆ ಜೋಮು ಹಿಡಿಯುತ್ತವೆ, ಆ ರಾತ್ರಿ ಸ್ಪ್ಲಿಂಟ್ ಹಾಕಿಕೊಂಡು ಮಲಗುತ್ತೇನೆ.