ವಾಸಿಯಾದ ನಾಯಿ ತಿರುಗಿ ಬರುವುದಿಲ್ಲ

ಆ ದಿನ ನಮ್ಮ ಪಶು ಆಸ್ಪತ್ರೆಯ ರಿಜಿಸ್ಟರ್‌ನಲ್ಲಿ 23 ಕೇಸು. ರಾತ್ರಿ ಮನೆ ಸೇರಿದಾಗ ನನ್ನ ತಲೆಯಲ್ಲಿದ್ದದ್ದು ಒಂದೇ, ಪಾರ್ವೋ ಎಂಬ ವೈರಸ್ ರೋಗ ಬಂದು ಸತ್ತ ಮೂರು ತಿಂಗಳ ನಾಯಿಮರಿ. ಸಂಜೆ ಹೊತ್ತಿಗೆ ಅದರ ಮೈ ತಣ್ಣಗಾಗುತ್ತ ಬಂದಿತ್ತು. ಡ್ರಿಪ್ ಹಾಕಿದ್ದ ಮುಂಗಾಲನ್ನು ನಮ್ಮ ಸಹಾಯಕಿ ಎರಡೂ ಅಂಗೈ ನಡುವೆ ಇಟ್ಟುಕೊಂಡು ಕೂತೇ ಇದ್ದಳು. "ಇವತ್ತು ಹೇಗಿತ್ತು?" ಎಂದು ಮನೆಯಲ್ಲಿ ಕೇಳಿದರೆ "ಕೇಳಲೇಬೇಡಿ" ಅಂದುಬಿಟ್ಟೆ. ಮಲಗಿದರೂ ಅದೇ ಗಾಣ. ಮಧ್ಯಾಹ್ನ ಶುಗರ್ ಇನ್ನೊಂದು ಸಲ ನೋಡಬೇಕಿತ್ತೇನೋ, ಡ್ರಿಪ್ ಇನ್ನಷ್ಟು ಜೋರು ಬಿಡಬೇಕಿತ್ತೇನೋ.

ಮರುದಿನ ಬಾಕಿ ಬರವಣಿಗೆ ಮುಗಿಸಲು ಕೂತಾಗ ಉಳಿದ 22 ಕಣ್ಣಿಗೆ ಬಿದ್ದವು. ಮೂತ್ರ ಕಟ್ಟಿಕೊಂಡು ಬಂದಿದ್ದ ಗಂಡು ಬೆಕ್ಕು ಅದರಲ್ಲಿತ್ತು. ಬಂದಾಗ ಅದರ ಎದೆಬಡಿತ ನಿಮಿಷಕ್ಕೆ 100ರ ಕೆಳಗೆ. ಹೆದರಿದ ಬೆಕ್ಕಿಗೆ ಅದರ ಎರಡರಷ್ಟು ಇರಬೇಕು. ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯ ಯಾವ ಗಳಿಗೆಯಲ್ಲಾದರೂ ನಿಲ್ಲಬಹುದಾದ ಸ್ಥಿತಿ. ಇಸಿಜಿ ನೋಡುತ್ತ ನಿಧಾನಕ್ಕೆ ಕ್ಯಾಲ್ಸಿಯಂ ಗ್ಲೂಕೋನೇಟ್ ಕೊಟ್ಟು, ಬಡಿತ ಹತೋಟಿಗೆ ಬಂದ ಮೇಲೆ ಮೂತ್ರ ಹೊರತೆಗೆಯುವ ಕೊಳವೆ, ಅಂದರೆ ಕ್ಯಾಥೆಟರ್ ಇಳಿಸಿದ್ದೆವು. ಬೆಕ್ಕು ಬದುಕಿತ್ತು. ನನಗೆ ಅದರ ನೆನಪೇ ಇರಲಿಲ್ಲ. ನನ್ನ ಕೈಯಾರೆ ಮಾಡಿದ ಕೆಲಸ, ಇನ್ನೂ ಒಂದು ದಿನ ಕಳೆದಿಲ್ಲ!

ಈ ಮರೆವಿಗೆ ನನ್ನ ಸ್ವಭಾವ ಒಂದೇ ಕಾರಣವಲ್ಲ, ನಮ್ಮ ಕೆಲಸದ ರೀತಿಯೇ ಹಾಗಿದೆ. ವಾಸಿಯಾದ ನಾಯಿ ತಿರುಗಿ ಬರುವುದಿಲ್ಲ. ಹೊಲಿಗೆ ಕೂಡಿಕೊಂಡರೆ ಯಾರೂ ಫೋನ್ ಮಾಡುವುದಿಲ್ಲ, ಬಿಚ್ಚಿಕೊಂಡರೆ ಮಧ್ಯರಾತ್ರಿಯಾದರೂ ಮಾಡುತ್ತಾರೆ. ಲಸಿಕೆ ಹಾಕಿಸಿಕೊಂಡ ನೂರು ಮರಿಗಳು ಪಾರ್ವೋದಿಂದ ಸಾಯದೇ ಇದ್ದದ್ದನ್ನು ನೋಡುವುದು ಹೇಗೆ? ನಮ್ಮ ಗೆಲುವು ಹಿಂದಿನ ಬಾಗಿಲಿನಿಂದ ಸದ್ದಿಲ್ಲದೆ ಹೋಗುತ್ತದೆ, ಸೋಲು ಮುಂಬಾಗಿಲು ತಟ್ಟುತ್ತದೆ. ಇದರ ಜೊತೆಗೆ ರೋಗಿಗೆ ಬಾಯಿಲ್ಲ. "ಈಗ ಪರವಾಗಿಲ್ಲ ಡಾಕ್ಟ್ರೇ" ಎಂದು ಹೇಳುವ ರೋಗಿ ನಮಗೆ ಸಿಗುವುದಿಲ್ಲ. ಸಿಗುವುದು ಪರಚುವ, ಒದೆಯುವ, ಡ್ರಿಪ್ ಕಿತ್ತುಹಾಕುವ ರೋಗಿ.

ಇದನ್ನು ಸಣ್ಣ ವಿಷಯ ಎಂದು ತಳ್ಳಿಹಾಕುವವರಿಗೆ ಒಂದು ಲೆಕ್ಕ ಹೇಳುತ್ತೇನೆ. ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಸಂಶೋಧಕರು 1979ರಿಂದ 2015ರವರೆಗೆ ಸತ್ತ ಪಶುವೈದ್ಯರ ದಾಖಲೆ ನೋಡಿದಾಗ, ಆ ಸಾವುಗಳಲ್ಲಿ ಆತ್ಮಹತ್ಯೆಯ ಪಾಲು ಸಾಮಾನ್ಯ ಜನರಿಗಿಂತ ಗಂಡಸರಲ್ಲಿ 2.1 ಪಟ್ಟು, ಹೆಂಗಸರಲ್ಲಿ 3.5 ಪಟ್ಟು ಇತ್ತು. ನಮ್ಮ ವೃತ್ತಿಯಲ್ಲಿ ಇರುವವರಿಗೆ ಇದು ಆಶ್ಚರ್ಯದ ಸುದ್ದಿಯೇನಲ್ಲ. ಒಂದು ನೋಟ್‌ಬುಕ್ಕಿನಿಂದ ಇದೆಲ್ಲ ಸರಿಹೋಗುತ್ತದೆ ಎಂದು ನಾನು ಹೇಳುತ್ತಿಲ್ಲ. ಆದರೆ ನಾನು ಶುರು ಮಾಡಿದ್ದು ನೋಟ್‌ಬುಕ್ಕಿನಿಂದಲೇ.

ಅದಕ್ಕೂ ಮೊದಲು ಮಾಡಿದ ಎಡವಟ್ಟನ್ನು ಹೇಳಬೇಕು. ಆಗ ನಾನು ಕೆಲಸ ಮಾಡುತ್ತಿದ್ದ ಕಡೆ ಗೋಡೆಗೆ ಒಂದು ಬಿಳಿ ಬೋರ್ಡ್ ಹಾಕಿಸಿ "ವಾರದ ಗೆಲುವು" ಎಂದು ತಲೆಬರಹ ಬರೆದೆ. ಮೊದಲ ವಾರ ಹೊಟ್ಟೆ ತಿರುಚಿಕೊಂಡಿದ್ದ ದೊಡ್ಡ ನಾಯಿಯ ಆಪರೇಷನ್. ಎರಡನೇ ವಾರ ಕಾಲಿನ ಮೂಳೆಗೆ ಪ್ಲೇಟ್. ಮೂರನೇ ವಾರ ಮತ್ತೆ ಆಪರೇಷನ್. ಕಸ ಗುಡಿಸುವವರು, ಪಂಜರ ತೊಳೆಯುವವರು, ಕೌಂಟರಿನಲ್ಲಿ ಕೂತು ಬೈಗುಳ ತಿನ್ನುವವರು, ಇವರ ಹೆಸರು ಆ ಬೋರ್ಡಿನ ಹತ್ತಿರವೂ ಸುಳಿಯಲಿಲ್ಲ. ನಾಲ್ಕನೇ ವಾರ ಇನ್ನೂ ಕೆಟ್ಟದ್ದಾಯಿತು. ನಾನು ಬೋರ್ಡಿನ ಮುಂದೆ ಎಲ್ಲರನ್ನೂ ಕೂಡಿಸಿ ಚಪ್ಪಾಳೆ ಹೊಡೆಸುತ್ತಿದ್ದಾಗ, ಒಬ್ಬ ಕಿರಿಯ ಡಾಕ್ಟರ್ ಎದ್ದು ಹೊರಗೆ ಹೋದಳು. ಒಂದು ಗಂಟೆ ಹಿಂದೆ ಅರಿವಳಿಕೆಯಲ್ಲೇ ಅವಳ ಕೈಯಲ್ಲಿ ಒಂದು ಬೆಕ್ಕು ಹೋಗಿತ್ತು. ಅದು ನನಗೂ ಗೊತ್ತಿತ್ತು. ಆದರೂ "ಇವತ್ತು ಶುಕ್ರವಾರ, ಬೋರ್ಡಿನ ದಿನ" ಎಂದು ಹಟ ಹಿಡಿದಿದ್ದೆ. ಸಂಜೆಯೇ ಬೋರ್ಡ್ ಇಳಿಸಿದೆ. ದಿನ ಗೊತ್ತುಮಾಡಿ ಖುಷಿ ಪಡಿಸಲು ಹೋಗುವುದು ಗಾಯದ ಮೇಲೆ ಉಪ್ಪು ಸುರಿದ ಹಾಗೆ ಎಂದು ಅವತ್ತು ಗೊತ್ತಾಯಿತು.

ಆಮೇಲೆ ಯಾರಿಗೂ ಹೇಳದೆ ನನ್ನ ಮಟ್ಟಿಗೆ ಒಂದು ಪ್ರಯೋಗ ಮಾಡಿದೆ. ಮನಶ್ಶಾಸ್ತ್ರಜ್ಞ ಮಾರ್ಟಿನ್ ಸೆಲಿಗ್‌ಮನ್ ಮತ್ತು ಜೊತೆಗಾರರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ಸರಳ ಅಭ್ಯಾಸವಿತ್ತು: ಒಂದು ವಾರ ಪ್ರತಿ ರಾತ್ರಿ ಆ ದಿನ ಚೆನ್ನಾಗಿ ನಡೆದ ಮೂರು ಸಂಗತಿ ಬರೆಯುವುದು, ಅದು ಯಾಕೆ ಚೆನ್ನಾಗಿ ನಡೆಯಿತು ಎಂದೂ ಬರೆಯುವುದು. ಹಾಗೆ ಮಾಡಿದವರಲ್ಲಿ ಅದರ ಪರಿಣಾಮ ಆರು ತಿಂಗಳವರೆಗೂ ಕಂಡಿತ್ತು. ಮೂರು ಸಂಗತಿ ತಾನೇ, ಎಷ್ಟೊತ್ತಿನ ಕೆಲಸ ಎಂದುಕೊಂಡೆ. ಮೊದಲ ರಾತ್ರಿ ಕಾಲು ಗಂಟೆ ಕೂತರೂ ಒಂದೂ ಹೊಳೆಯಲಿಲ್ಲ. ಎರಡನೇ ರಾತ್ರಿ ಬರೆದೆ: "16 ವರ್ಷದ ಬೆಕ್ಕು, ನೀರಿನಂಶ ಪೂರ್ತಿ ಇಳಿದಿತ್ತು, ರಕ್ತನಾಳ ಮೊದಲ ಚುಚ್ಚಿಗೇ ಸಿಕ್ಕಿತು." ಯಾಕೆ? ಪೆನ್ನು ನಿಂತಿತು. ಯಾಕೆಂದರೆ ಸಹಾಯಕಿ ಐದು ನಿಮಿಷ ಮುಂಚೆಯೇ ಬೆಕ್ಕಿನ ಕಾಲಿಗೆ ಬೆಚ್ಚನೆ ಬಟ್ಟೆ ಸುತ್ತಿದ್ದಳು, ಲೈಟು ನನ್ನ ಕಡೆ ತಿರುಗಿಸಿದ್ದಳು, ಹಿಡಿದುಕೊಂಡಾಗ ಬೆಕ್ಕು ಒಂದು ಸಲವೂ ಕೊಸರಲಿಲ್ಲ. ನಾನು ಅವಳಿಗೆ ಏನು ಹೇಳಿದ್ದೆ? "ಮುಂದಿನವರನ್ನು ಕಳಿಸು" ಅಂದಿದ್ದೆ.

ಜನ ಡಾಕ್ಟರ ಕೈಗುಣ ಚೆನ್ನಾಗಿದೆ ಅನ್ನುತ್ತಾರೆ. ಆ ಕೈಗುಣದಲ್ಲಿ ಅರ್ಧ ಪಾಲು ಪ್ರಾಣಿಯನ್ನು ಹಿಡಿದುಕೊಂಡವರದು. "ಯಾಕೆ" ಎಂಬ ಆ ಒಂದು ಪ್ರಶ್ನೆ ಇಲ್ಲದಿದ್ದರೆ ನಾನು ಇದನ್ನು ಕಾಣುತ್ತಲೇ ಇರಲಿಲ್ಲ. ಮರುದಿನ ಅವಳ ಬಳಿ ಹೋಗಿ, "ನಿನ್ನೆ ಆ ಬೆಕ್ಕಿನ ಕಾಲು ಬೆಚ್ಚಗೆ ಮಾಡಿದ್ದೆಯಲ್ಲ, ಅದಕ್ಕೇ ನಾಳ ಸಿಕ್ಕಿದ್ದು" ಅಂದೆ. ಅವಳು ನನ್ನನ್ನು ಅನುಮಾನದಿಂದ ನೋಡಿದಳು. ಇಷ್ಟು ವರ್ಷ ಹೀಗೆ ಹೇಳದವರು ಇವತ್ತು ಏನೋ ಕೆಲಸ ಮಾಡಿಸಿಕೊಳ್ಳಲು ಬಂದಿದ್ದಾರೆ ಎಂದುಕೊಂಡಿರಬೇಕು. ಒಂದು ತಿಂಗಳು ಬೇಕಾಯಿತು ಆ ಅನುಮಾನ ಹೋಗಲು. ಹೊಗಳಿಕೆಗೂ ಹೀಗೆ ಹೇಳುವುದಕ್ಕೂ ವ್ಯತ್ಯಾಸವಿದೆ. "ಸೂಪರ್, ಒಳ್ಳೇ ಕೆಲಸ" ಎಂದರೆ ಅದು ಗಾಳಿಗೆ ಹೋಗುತ್ತದೆ. ಏನು ಮಾಡಿದೆ, ಅದರಿಂದ ಏನಾಯಿತು ಎಂದು ಹೇಳಿದರೆ ಮಾತ್ರ ಅದು ಮನಸ್ಸಿನಲ್ಲಿ ನಿಲ್ಲುತ್ತದೆ.

ಹೀಗೆ ಎರಡನೇ ಸುತ್ತು ಶುರುವಾಯಿತು. ಸೆಂಟ್ರಿಫ್ಯೂಜ್ ಪಕ್ಕದಲ್ಲಿ ಒಂದು ಗೆರೆ ಹಾಕಿದ ಪುಸ್ತಕ, ದಾರದಲ್ಲಿ ಕಟ್ಟಿದ ಪೆನ್ನು. ಅಲ್ಲೇ ಯಾಕೆ ಎಂದರೆ ರಕ್ತದ ಟ್ಯೂಬು ತಿರುಗುವಷ್ಟು ಹೊತ್ತು ಯಾರಾದರೂ ಅಲ್ಲಿ ಸುಮ್ಮನೆ ನಿಂತಿರುತ್ತಾರೆ. ಕಟ್ಟಳೆ ಹೆಚ್ಚೇನಿಲ್ಲ. ತನ್ನ ಬಗ್ಗೆ ತಾನು ಬರೆಯುವಂತಿಲ್ಲ, ಇನ್ನೊಬ್ಬರ ಬಗ್ಗೆ ಬರೆಯಬೇಕು. ಒಂದೇ ಸಾಲು. ಪ್ರಾಣಿ ಬದುಕಿತೋ ಇಲ್ಲವೋ ಎಂಬುದು ಲೆಕ್ಕಕ್ಕಿಲ್ಲ, ನಮ್ಮ ಕೈಯಲ್ಲಿದ್ದ ಕೆಲಸ ಹೇಗಾಯಿತು ಎಂಬುದಷ್ಟೇ. ಬರೆಯಲೇಬೇಕೆಂಬ ಒತ್ತಾಯವಿಲ್ಲ. ಯಾರನ್ನು ಎಷ್ಟು ಸಲ ಬರೆದಿದ್ದಾರೆ ಎಂದು ಎಣಿಸುವಂತಿಲ್ಲ. ಬಡ್ತಿಗೂ ಸಂಬಳಕ್ಕೂ ಪುಸ್ತಕಕ್ಕೂ ಸಂಬಂಧವಿಲ್ಲ.

ಬದುಕಿತೋ ಇಲ್ಲವೋ ಲೆಕ್ಕಕ್ಕಿಲ್ಲ ಎಂಬ ಆ ಮೂರನೆಯ ಕಟ್ಟಳೆಯೇ ಇದರ ಜೀವಾಳ. ಫಲಿತಾಂಶವನ್ನೇ ಗೆಲುವು ಎಂದುಕೊಂಡರೆ ನಮ್ಮಂಥವರಿಗೆ ಉಳಿಗಾಲವಿಲ್ಲ. ನಮ್ಮ ರೋಗಿಗಳ ಆಯುಸ್ಸೇ ಗಿಡ್ಡ. ಎಷ್ಟೇ ಚೆನ್ನಾಗಿ ನೋಡಿಕೊಂಡರೂ ಕೊನೆಗೆ ಅವನ್ನು ಕಳಿಸಿಕೊಡುವುದೂ ನಾವೇ. ಪುಸ್ತಕದ ಮೊದಲ ವಾರದಲ್ಲಿ ಕೌಂಟರಿನ ಹುಡುಗನ ಬಗ್ಗೆ ಯಾರೋ ಬರೆದಿದ್ದ ಸಾಲನ್ನು ನಾನು ಇನ್ನೂ ಮರೆತಿಲ್ಲ. ದಯಾಮರಣಕ್ಕೆಂದು ಒಂದು ಮುದಿ ನಾಯಿಯನ್ನು ಕರೆತಂದಿದ್ದರು. ಅವನು ಬಿಲ್ಲಿನ ಕೆಲಸವನ್ನೆಲ್ಲ ಮೊದಲೇ ಮುಗಿಸಿ, ಕೌಂಟರಿನ ಫೋನಿನ ಸದ್ದು ತೆಗೆದು, ಮನೆಯವರು ಅಳುತ್ತ ಜನರ ನಡುವೆ ಹಾದುಹೋಗಬಾರದೆಂದು ಪಕ್ಕದ ಬಾಗಿಲು ತೆರೆದಿಟ್ಟಿದ್ದ. ಒಳಗೆ ನಾವು ಮೊದಲು ನಿದ್ದೆಯ ಇಂಜೆಕ್ಷನ್ ಕೊಟ್ಟು, ನಾಯಿ ಅದರ ಯಜಮಾನಿಯ ತೊಡೆ ಮೇಲೆ ತಲೆಯಿಟ್ಟು ಮಲಗಿದ ಮೇಲೆ ಉಳಿದದ್ದನ್ನು ಮಾಡಿದೆವು. ಪುಸ್ತಕದಲ್ಲಿದ್ದದ್ದು ಇಷ್ಟೇ: "ಆ ಅಮ್ಮ ಕೌಂಟರಿನ ಮುಂದೆ ನಿಲ್ಲಬೇಕಾಗಲಿಲ್ಲ." ನಾನು ಅಷ್ಟು ವರ್ಷಗಳಲ್ಲಿ ದಯಾಮರಣದ ದಿನವನ್ನು ಒಳ್ಳೆಯ ದಿನದ ಲೆಕ್ಕಕ್ಕೆ ಸೇರಿಸಿರಲೇ ಇಲ್ಲ.

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಮಕ್ಕಳ ಆಸ್ಪತ್ರೆಯಲ್ಲಿ 2014ರಲ್ಲಿ ಇಂಥದ್ದೇ ಒಂದು ಪದ್ಧತಿ ಶುರುವಾಯಿತು. ತಪ್ಪು ನಡೆದರೆ ವರದಿ ಬರೆಯುವ ಹಾಗೆ, ಚೆನ್ನಾಗಿ ನಡೆದದ್ದಕ್ಕೂ ವರದಿ ಬರೆಯುವುದು. ನನಗೆ ಅದು ತಿಳಿದದ್ದು ನಮ್ಮ ಪುಸ್ತಕ ಅರ್ಧ ತುಂಬಿದ ಮೇಲೆ. ನಮ್ಮಲ್ಲೂ ತಪ್ಪಿನ ಫಾರಂ ಮೊದಲಿನಿಂದ ಇತ್ತು, ಎರಡು ಪುಟ ಉದ್ದದ್ದು. ಸರಿಯಾದದ್ದಕ್ಕೆ ಮಾತ್ರ ಒಂದು ಚೀಟಿಯೂ ಇರಲಿಲ್ಲ.

ಪುಸ್ತಕಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ಮೂರನೇ ದಿನದ ಫೋನು. ಆಪರೇಷನ್ ಆದ, ಜೋರು ಹುಷಾರು ತಪ್ಪಿದ್ದ ಪ್ರಾಣಿಗಳ ಮನೆಗೆ ಮೂರನೇ ದಿನ ಫೋನ್ ಮಾಡಿ "ಹೇಗಿದೆ?" ಎಂದು ಕೇಳುವುದು. ಚಿಕಿತ್ಸೆಯ ದೃಷ್ಟಿಯಿಂದಲೂ ಒಳ್ಳೆಯದು; ಹೊಲಿಗೆ ನೆಕ್ಕುತ್ತಿದ್ದರೆ, ಮಾತ್ರೆ ಉಗುಳುತ್ತಿದ್ದರೆ ಆಗಲೇ ಗೊತ್ತಾಗುತ್ತದೆ. ಆದರೆ ನನಗೆ ಬೇಕಿದ್ದದ್ದು ಇನ್ನೊಂದು. ಹಿಂದಿನ ಬಾಗಿಲಿನಿಂದ ಹೋದ ಗೆಲುವನ್ನು ಹಿಂಬಾಲಿಸಿ ಹೋಗಿ ನೋಡುವುದು. ಮೊದಲು ಡಾಕ್ಟರುಗಳೇ ಮಾಡುತ್ತಿದ್ದೆವು. ಆಮೇಲೆ ಸರದಿ ಹಾಕಿದೆವು, ಪಂಜರ ತೊಳೆಯುವವರೂ ಸೇರಿ. ಒಳರೋಗಿಗಳನ್ನು ಎಲ್ಲರಿಗಿಂತ ಹತ್ತಿರದಿಂದ ನೋಡುವವರು ಅವರು, ಆದರೆ ವಾಸಿಯಾಗಿ ಮನೆಗೆ ಹೋದದ್ದರ ಸುದ್ದಿ ಅವರಿಗೆ ಒಮ್ಮೆಯೂ ಸಿಗುತ್ತಿರಲಿಲ್ಲ. ಹತ್ತು ದಿನ ಪಾರ್ವೋ ವಾರ್ಡಿನಲ್ಲಿ ಒಂದು ಮರಿಯ ಕೊಳೆ ತೆಗೆದಿದ್ದವನು ಫೋನ್ ಸ್ಪೀಕರಿಗೆ ಹಾಕಿ ಅದರ ಬೊಗಳಾಟ ಕೇಳಿಸಿಕೊಂಡ ಮುಖ ನೋಡಬೇಕಿತ್ತು. ಎಲ್ಲ ಫೋನೂ ಹಾಗಿರುವುದಿಲ್ಲ. "ನಿನ್ನೆ ಹೋಗಿಬಿಡ್ತು" ಎಂಬ ಉತ್ತರವೂ ಬರುತ್ತದೆ. ಅದಕ್ಕೇ ಒಬ್ಬರೇ ಕೂತು ಫೋನ್ ಮಾಡಬಾರದು, ಪಕ್ಕದಲ್ಲಿ ಇನ್ನೊಬ್ಬರು ಇರಬೇಕು ಎಂದು ಮಾಡಿಕೊಂಡೆವು.

ದೊಡ್ಡ ಪ್ರಾಣಿಗಳ ಕೆಲಸದಲ್ಲಿ ಕೆಲವು ಗೆಲುವು ಕಣ್ಣೆದುರೇ ನಡೆಯುತ್ತವೆ. ಅದನ್ನೂ ನಾವು ನೋಡದೆ ಓಡಿಬಿಡುತ್ತೇವೆ. ಕರು ಹಾಕಿದ ಮರುದಿನ ಹಾಲುಜ್ವರದಿಂದ, ಅಂದರೆ ರಕ್ತದಲ್ಲಿ ಕ್ಯಾಲ್ಸಿಯಂ ಇಳಿದು ಬಿದ್ದ ಹಸು: ಕಿವಿ ತಣ್ಣಗೆ, ಮೂತಿ ಒಣಗಿರುತ್ತದೆ, ಕುತ್ತಿಗೆ ಪಕ್ಕೆಗೆ ತಿರುಗಿರುತ್ತದೆ. ಕ್ಯಾಲ್ಸಿಯಂ ಬೋರೋಗ್ಲೂಕೋನೇಟ್ ಬಾಟಲಿಯನ್ನು ನಾಳಕ್ಕೆ ನಿಧಾನವಾಗಿ ಬಿಡುತ್ತ, ಸ್ಟೆತಸ್ಕೋಪ್ ಎದೆಗಿಟ್ಟು ಬಡಿತ ಕೇಳುತ್ತಿರಬೇಕು. ಅವಸರ ಮಾಡಿದರೆ ಹೃದಯವೇ ನಿಂತೀತು. ಅರ್ಧ ಬಾಟಲಿ ಹೋಗುವಷ್ಟರಲ್ಲಿ ತೊಡೆಯ ಮಾಂಸ ಅದುರುತ್ತದೆ. ಒಂದು ತೇಗು. ಒಣಗಿದ್ದ ಮೂತಿಯ ಮೇಲೆ ಬೆವರ ಹನಿ ಮೂಡುತ್ತದೆ. ಆಮೇಲೆ ಸಗಣಿ. ಸಗಣಿ ನೋಡಿ ಖುಷಿಪಡುವ ವೃತ್ತಿ ನಮ್ಮದು ಬಿಟ್ಟರೆ ಇನ್ನೊಂದಿದೆಯೋ ಇಲ್ಲವೋ! ಮೊದಲೆಲ್ಲ ಅಷ್ಟು ಹೊತ್ತಿಗೆ ಚೀಲ ಕಟ್ಟಿ ಗಾಡಿ ಹತ್ತಿರುತ್ತಿದ್ದೆ. ಈಗ ಹಸು ಎದ್ದು ನಿಲ್ಲುವವರೆಗೆ ಕಾಯುತ್ತೇನೆ. ಹಿಂಗಾಲು ಊರಿ, ಮೊಣಕಾಲ ಮೇಲೆ ಒಂದು ಗಳಿಗೆ ತಡೆದು, ತೂರಾಡಿ ನಿಲ್ಲುತ್ತದೆ. ಹಾಗೆ ನಿಂತು ನೋಡುವುದಕ್ಕೆ ಹತ್ತು ನಿಮಿಷ ಬೇಕು, ಮುಂದಿನ ಮನೆಯವರು ತಡವಾಯಿತು ಎಂದು ಗೊಣಗುತ್ತಾರೆ. ಗೊಣಗಲಿ.

ಇದಕ್ಕೆಲ್ಲ ಒಂದು ಮಿತಿ ಇದೆ. ಒಮ್ಮೆ ಆಡಳಿತದವರಲ್ಲಿ ಒಬ್ಬರು ಪುಸ್ತಕ ತಿರುವಿಹಾಕಿ, "ನಿಮ್ಮಲ್ಲಿ ಎಲ್ಲರೂ ಇಷ್ಟು ಉತ್ಸಾಹದಲ್ಲಿದ್ದೀರಲ್ಲ, ಇನ್ನೊಬ್ಬರನ್ನು ನೇಮಿಸುವ ವಿಚಾರ ಮುಂದೆ ಹಾಕೋಣ" ಎಂದರು. ಅವತ್ತು ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಹದಿನಾಲ್ಕು ಗಂಟೆ ನಿಂತವರಿಗೆ ಬೇಕಾದದ್ದು ರಜೆ, ಇನ್ನೊಂದು ಜೊತೆ ಕೈ. ಒಂದು ಸಾಲಿನ ಮೆಚ್ಚುಗೆ ಅದರ ಬದಲಿಗೆ ಅಲ್ಲ. ಅಂದಿನಿಂದ ಪುಸ್ತಕದ ಹಿಂದಿನ ಪುಟಗಳಲ್ಲಿ ಯಾರ ಊಟದ ಬಿಡುವು ತಪ್ಪಿತು, ಯಾರ ರಜೆ ರದ್ದಾಯಿತು ಎಂದು ಬರೆಯಲು ಶುರು ಮಾಡಿದೆವು. ಉತ್ಸಾಹ ನೋಡಬೇಕೆನ್ನುವವರು ಅದನ್ನೂ ನೋಡಲಿ. ಇನ್ನೊಂದು ಮಾತು: ನಿದ್ದೆ ಹಾರಿಹೋದವರಿಗೆ, ಬದುಕೇ ಬೇಡ ಎನ್ನಿಸುತ್ತಿರುವವರಿಗೆ ಪುಸ್ತಕ ತೋರಿಸಬಾರದು, ಮನೋವೈದ್ಯರ ಹತ್ತಿರ ಜೊತೆಯಲ್ಲಿ ಹೋಗಬೇಕು. ಅಂದು ಬೋರ್ಡಿನ ಮುಂದಿನಿಂದ ಎದ್ದುಹೋದ ಕಿರಿಯ ಡಾಕ್ಟರ್ ಬಳಿ ನಾನು ಮಾಡಬೇಕಿದ್ದದ್ದು ಅವಳ ಪಕ್ಕ ಹೋಗಿ ಕೂರುವುದು. ಅದನ್ನು ಮಾಡಿದ್ದು ನಾನಲ್ಲ, ಪಂಜರ ತೊಳೆಯುವವನು.

ನಮಗೆ ಇನ್ನೂ ಬಗೆಹರಿಯದೆ ಉಳಿದಿರುವುದು ರಾತ್ರಿ ಪಾಳಿ. ಅಲ್ಲಿ ಒಬ್ಬರೇ ಇರುತ್ತಾರೆ. ಇನ್ನೊಬ್ಬರ ಬಗ್ಗೆ ಬರೆಯಬೇಕು ಎಂಬ ಕಟ್ಟಳೆ ರಾತ್ರಿಯವರ ಪುಟವನ್ನು ಖಾಲಿ ಇಟ್ಟಿತ್ತು. ಈಗ ಬೆಳಿಗ್ಗೆ ಬಂದವರು ಮೊದಲು ಕೇಳುವ ಪ್ರಶ್ನೆ ಬದಲಾಯಿಸಿದ್ದೇವೆ. "ರಾತ್ರಿ ಏನಾದರೂ ತೊಂದರೆ ಆಯ್ತಾ?" ಎಂಬುದನ್ನು ಎರಡನೆಯದಕ್ಕೆ ಇಟ್ಟು, "ರಾತ್ರಿ ಯಾವುದು ಸುಧಾರಿಸ್ತು?" ಎಂದು ಶುರು ಮಾಡುತ್ತೇವೆ, ಉತ್ತರವನ್ನು ಕೇಳಿದವರೇ ಬರೆಯುತ್ತಾರೆ. ಮೊನ್ನೆ ಮತ್ತೊಂದು ಮೂತ್ರ ಕಟ್ಟಿದ ಬೆಕ್ಕು ಇತ್ತು, ಹಿಂದಿನ ಸಂಜೆಯಷ್ಟೇ ಕ್ಯಾಥೆಟರ್ ತೆಗೆದಿದ್ದೆವು. ರಾತ್ರಿ ಪಾಳಿಯವನು ನನ್ನ ಪ್ರಶ್ನೆಗೆ ಬಾಯಲ್ಲಿ ಉತ್ತರ ಹೇಳಲಿಲ್ಲ. ಒಳಗೆ ಹೋಗಿ ಬೆಕ್ಕಿನ ಮರಳಿನ ಟ್ರೇ ಎರಡೂ ಕೈಯಲ್ಲಿ ಹಿಡಿದು ತಂದ. ಒದ್ದೆಯಾದ ಮರಳು ಒಂದು ದೊಡ್ಡ ಗಡ್ಡೆಯಾಗಿತ್ತು.

"ತೂಗಿದ್ಯಾ?" ಅಂದೆ.

"ನೀವು ಬರಲಿ ಅಂತ ಇಟ್ಟಿದ್ದೆ" ಅಂದ.