ವ್ಯಾಯಾಮದ ಹೊತ್ತಿಗೆ ಇನ್ಸುಲಿನ್ ಇಳಿದಿರಲಿ: ಕೊಬ್ಬು ಕರಗಿಸುವ ಲೆಕ್ಕ

ಒಂದು ಗಂಟೆ ಬಿರುಸಾಗಿ ನಡೆದಾಗ ಸುಡುವುದು ಕೊಬ್ಬೋ ಸಕ್ಕರೆಯೋ? ಅದು ಕಾಲುಗಳ ಶ್ರಮದಿಂದಷ್ಟೇ ತೀರ್ಮಾನವಾಗುವುದಿಲ್ಲ. ಆ ಹೊತ್ತಿಗೆ ರಕ್ತದಲ್ಲಿ ಎಷ್ಟು ಇನ್ಸುಲಿನ್ ಇದೆ, ಆ ಇನ್ಸುಲಿನ್‌ಗೆ ಮಿದುಳು ಹೇಗೆ ಸ್ಪಂದಿಸುತ್ತಿದೆ ಎನ್ನುವುದೂ ಮುಖ್ಯ.

ಊಟದ ನಂತರ ಏರುವ ಇನ್ಸುಲಿನ್, ಕೊಬ್ಬಿನ ಕೋಶಗಳೊಳಗಿನ ಕೊಬ್ಬನ್ನು ಒಡೆಯುವ ಕಿಣ್ವಗಳನ್ನು ಅಡಗಿಸುತ್ತದೆ. ಇದಕ್ಕೆ ಹೆಚ್ಚು ಇನ್ಸುಲಿನ್ ಬೇಕಿಲ್ಲ. ಸ್ನಾಯುಗಳು ಸಕ್ಕರೆ ಹೀರಿಕೊಳ್ಳಲು ಬೇಕಾಗುವುದಕ್ಕಿಂತ ಎಷ್ಟೋ ಕಡಿಮೆ ಸಾಕು. ಸಣ್ಣ ಬಿಸ್ಕತ್ತು, ಸಿಹಿ ಪಾನೀಯವನ್ನೂ ಲೆಕ್ಕಕ್ಕೆ ಹಿಡಿಯಬೇಕಾದದ್ದು ಇದೇ ಕಾರಣಕ್ಕೆ. ಇನ್ಸುಲಿನ್ ಕೊಬ್ಬು ಒಡೆಯುವುದನ್ನು ತಡೆಯುವ ಎರಡನೆಯ ದಾರಿ ಮಿದುಳಿನದು. ಇನ್ಸುಲಿನ್ ರಕ್ತದಿಂದ ಮಿದುಳಿಗೂ ದಾಟುತ್ತದೆ. ಅಲ್ಲಿ ಇನ್ಸುಲಿನ್ ಗ್ರಾಹಕಗಳು, ಅಂದರೆ ಇನ್ಸುಲಿನ್ ಬಂದು ಅಂಟಿಕೊಳ್ಳುವ ತಾಣಗಳು, ಇವೆ ಎಂದು 1978ರಲ್ಲಿ ಇಲಿಗಳಲ್ಲಿ ಕಂಡುಬಂತು. 2011ರ ಪ್ರಯೋಗವೊಂದರಲ್ಲಿ ಇಲಿಗಳ ಮಿದುಳಿನ ತಳಭಾಗದ ಹೈಪೋಥಲಾಮಸ್‌ಗೆ ಇನ್ಸುಲಿನ್ ಕೊಟ್ಟಾಗ, ಕೊಬ್ಬಿನ ಅಂಗಾಂಶಕ್ಕೆ ಹೋಗುವ ಸಿಂಪಥೆಟಿಕ್ ನರಗಳ (ದೇಹವನ್ನು ಚುರುಕುಗೊಳಿಸುವ ನರಗಳ) ಚಟುವಟಿಕೆ ತಗ್ಗಿ, ಕೊಬ್ಬು ಒಡೆಯುವುದೂ ಕಡಿಮೆಯಾಯಿತು. ಇಲಿಯ ಫಲಿತಾಂಶವನ್ನು ಮನುಷ್ಯರಿಗೆ ಹಾಗೆಯೇ ಹಚ್ಚಲಾಗದು, ಆದರೆ ದಾರಿ ಯಾವುದೆಂದು ಅದು ತೋರಿಸಿತು.

ವ್ಯಾಯಾಮ ಶುರುವಾದಾಗ ನಡೆಯುವುದು ಇದರ ತಿರುಗುಮುರುಗು. ಸಿಂಪಥೆಟಿಕ್ ನರಗಳು ಚುರುಕಾಗಿ ನಾರ್‌ಅಡ್ರಿನಲಿನ್ ಎಂಬ ಸಂದೇಶ ರಾಸಾಯನಿಕವನ್ನು ಬಿಡುತ್ತವೆ. ಅದು ಕೊಬ್ಬಿನ ಕೋಶವನ್ನು ತೆರೆಸುತ್ತದೆ, ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಬರುವುದನ್ನೂ ತಗ್ಗಿಸುತ್ತದೆ. ಈ ಕೆಲಸಕ್ಕೆ ಅಡ್ಡ ಬರದಂತೆ ದಿನಚರಿ ಹೊಂದಿಸಿಕೊಳ್ಳುವುದಷ್ಟೇ ನಮ್ಮ ಪಾಲಿನದು.

ಮೊದಲು ಊಟದ ಸಮಯ. ಪಿಷ್ಟ, ಸಕ್ಕರೆ ಇರುವ ಊಟಕ್ಕೂ ವ್ಯಾಯಾಮಕ್ಕೂ ನಡುವೆ 3ರಿಂದ 4 ಗಂಟೆ ಬಿಡಿ. ಬೆಳಿಗ್ಗೆ ತಿಂಡಿಗೆ ಮೊದಲೇ ಮುಗಿಸಿದರೆ ಈ ಲೆಕ್ಕವೇ ಬೇಡ. ಎಲ್ಲಕ್ಕಿಂತ ಕೆಟ್ಟ ಸಮಯವೆಂದರೆ ಸಿಹಿ ತಿಂದು 30–60 ನಿಮಿಷಕ್ಕೆ ಹೊರಡುವುದು. ದೇಹತೂಕದ ಪ್ರತಿ ಕಿಲೋಗೆ 0.8 ಗ್ರಾಂ, ಅಂದರೆ 60 ಕಿಲೋ ತೂಕದವರಿಗೆ 48 ಗ್ರಾಂ ಗ್ಲೂಕೋಸನ್ನು ಒಂದು ಗಂಟೆ ಮೊದಲು ತೆಗೆದುಕೊಂಡರೂ ವ್ಯಾಯಾಮದುದ್ದಕ್ಕೂ ಕೊಬ್ಬಿನ ಬಳಕೆ ಇಳಿಯುತ್ತದೆ. ಏರಿದ ಇನ್ಸುಲಿನ್ ಒಂದು ಕಡೆ, ದುಡಿಯುವ ಸ್ನಾಯು ಇನ್ನೊಂದು ಕಡೆ ಸಕ್ಕರೆಯನ್ನು ಎಳೆದುಕೊಳ್ಳುವುದರಿಂದ ಕೆಲವರಿಗೆ ಮೊದಲ 20 ನಿಮಿಷದಲ್ಲೇ ತಲೆಸುತ್ತು, ಕೈನಡುಕ ಬರುವುದೂ ಉಂಟು. ನೀರು, ಸಕ್ಕರೆ–ಹಾಲು ಹಾಕದ ಕಾಫಿಗೆ ಅಡ್ಡಿಯಿಲ್ಲ. ಹಾಲೂ ಇನ್ಸುಲಿನ್ ಏರಿಸುತ್ತದೆ ಎಂಬುದನ್ನು ಹಲವರು ಮರೆಯುತ್ತಾರೆ.

ಇನ್ನು ವೇಗ. 10 ನಿಮಿಷ ನಿಧಾನವಾಗಿ ಶುರು ಮಾಡಿ, ಆಮೇಲೆ ಗರಿಷ್ಠ ಹೃದಯ ಬಡಿತದ 60ರಿಂದ 70 ಶೇಕಡಾದಲ್ಲಿ 40–50 ನಿಮಿಷ ಮುಂದುವರಿಸಿ. 220ರಿಂದ ವಯಸ್ಸು ಕಳೆದರೆ ಗರಿಷ್ಠ ಬಡಿತ ಸಿಗುತ್ತದೆ. 40ರವರಿಗೆ 180, ಹಾಗಾಗಿ ಗುರಿ 108ರಿಂದ 126. ಈ ಸೂತ್ರ ಹತ್ತು ಬಡಿತ ಹೆಚ್ಚುಕಡಿಮೆ ಆಗಬಹುದು, ಆದ್ದರಿಂದ ಉಸಿರನ್ನೇ ನಂಬುವುದು ಮೇಲು: ಪೂರ್ತಿ ವಾಕ್ಯ ಮಾತಾಡಲು ಬರಬೇಕು, ಹಾಡಲು ಬರಬಾರದು. ಏದುಸಿರು ಬರುವಷ್ಟು ಓಡಿದರೆ ಕೊಬ್ಬಿನ ಅಂಗಾಂಶಕ್ಕೆ ರಕ್ತ ಕಡಿಮೆಯಾಗಿ ಕೊಬ್ಬಿನಾಮ್ಲಗಳು ಹೊರಬರುವುದು ತಗ್ಗುತ್ತದೆ, ಸ್ನಾಯುಗಳೂ ಸಕ್ಕರೆಯತ್ತ ತಿರುಗುತ್ತವೆ.

ಇಲ್ಲೊಂದು ತಪ್ಪು ತಿಳಿವಳಿಕೆಯನ್ನು ಬಿಡಿಸಲೇಬೇಕು. ಬರಿಹೊಟ್ಟೆಯ ವ್ಯಾಯಾಮದಲ್ಲಿ ಆ ಗಂಟೆಯಲ್ಲಿ ಹೆಚ್ಚು ಕೊಬ್ಬು ಸುಡುವುದು ನಿಜ. ಹಾಗೆಂದು ತೂಕ ಬೇಗ ಇಳಿಯುತ್ತದೆ ಎಂದಲ್ಲ. 2014ರಲ್ಲಿ 20 ಯುವತಿಯರು ಮಿತ ಆಹಾರದೊಂದಿಗೆ ನಾಲ್ಕು ವಾರ ವ್ಯಾಯಾಮ ಮಾಡಿದಾಗ, ತಿಂದು ಮಾಡಿದವರಿಗೂ ತಿನ್ನದೆ ಮಾಡಿದವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಬೆಳಿಗ್ಗೆ ಸುಟ್ಟ ಕೊಬ್ಬನ್ನು ದೇಹ ಇಡೀ ದಿನದ ಲೆಕ್ಕದಲ್ಲಿ ಸರಿದೂಗಿಸಿಕೊಳ್ಳಬಲ್ಲದು. ಹೊಟ್ಟೆ ಹಸಿದು ಸಂಕಟವಾಗುವವರು ತಿಂದೇ ಹೊರಡಲಿ. ತಪ್ಪದೆ ಮಾಡುವುದೇ ದೊಡ್ಡದು.

ತಪ್ಪದೆ ಮಾಡಿದರೆ ಮಿದುಳು ಬದಲಾಗುತ್ತದೆ. ಬೊಜ್ಜಿರುವ ಹಲವರಲ್ಲಿ ಮಿದುಳು ಇನ್ಸುಲಿನ್‌ಗೆ ಸರಿಯಾಗಿ ಸ್ಪಂದಿಸುವುದಿಲ್ಲ. ಅಂಥವರಲ್ಲಿ ಹೊಟ್ಟೆಯೊಳಗಿನ ಕೊಬ್ಬು ಕರಗುವುದೂ ಕಷ್ಟ. ಮೇಲೆ ಹೇಳಿದ ಇಲಿಗಳದು ಇನ್ಸುಲಿನ್ ಕೊಟ್ಟ ಹೊತ್ತಿನ ಪರಿಣಾಮ, ಇದು ದೀರ್ಘಕಾಲದ ಮಾತು. ಜರ್ಮನಿಯ ಟ್ಯೂಬಿಂಗನ್‌ನಲ್ಲಿ ಕುಳಿತೇ ಕೆಲಸ ಮಾಡುವ, ತೂಕ ಹೆಚ್ಚಿದ್ದ 21 ಮಂದಿ ಎಂಟು ವಾರ ವ್ಯಾಯಾಮ ಮಾಡಿದ ಮೇಲೆ ಮಿದುಳಿನ ಸ್ಪಂದನೆ ಸುಧಾರಿಸಿತ್ತು. ಫಲಿತಾಂಶ 2022ರಲ್ಲಿ ಪ್ರಕಟವಾಯಿತು. ಆದ್ದರಿಂದ ಎರಡು ವಾರಕ್ಕೆ ಕೈಚೆಲ್ಲದೆ ಕನಿಷ್ಠ ಎಂಟು ವಾರ ಕೊಡಿ. ಒಂದು ದಿನದ ವ್ಯಾಯಾಮದಿಂದ ಸ್ನಾಯುಗಳಿಗೆ ಸಿಗುವ ಇನ್ಸುಲಿನ್ ಲಾಭ 24–48 ಗಂಟೆಗಳಲ್ಲಿ ಇಳಿಯುವುದರಿಂದ ಸತತ ಎರಡು ದಿನಕ್ಕಿಂತ ಹೆಚ್ಚು ಬಿಡುವು ಬೇಡ.

ಕೆಡಿಸುವುದಕ್ಕೆ ಇಷ್ಟು ಹೊತ್ತು ಬೇಡ ಎಂಬುದೇ ಬೇಸರದ ಸಂಗತಿ. ಆರೋಗ್ಯವಂತ ಯುವಕರು ಐದು ದಿನ ಎಣ್ಣೆ–ಸಕ್ಕರೆಯ ಕುರುಕಲು ಹೆಚ್ಚುವರಿಯಾಗಿ ತಿಂದಾಗ ತೂಕ ಹೆಚ್ಚೇನೂ ಏರದೆಯೇ ಯಕೃತ್ತಿನ ಕೊಬ್ಬು ಏರಿತು, ಮಿದುಳಿನ ಇನ್ಸುಲಿನ್ ಸ್ಪಂದನೆ ಏರುಪೇರಾಯಿತು. ಮಾಮೂಲಿ ಊಟಕ್ಕೆ ಮರಳಿ ವಾರವಾದರೂ ಮಿದುಳು ಪೂರ್ತಿ ಸರಿಹೋಗಿರಲಿಲ್ಲ. ನಿದ್ದೆಯೂ ಹಾಗೆಯೇ: ನಾಲ್ಕು ರಾತ್ರಿ 4.5 ಗಂಟೆ ಮಾತ್ರ ಮಲಗಿದವರ ಕೊಬ್ಬಿನ ಕೋಶಗಳ ಇನ್ಸುಲಿನ್ ಸ್ಪಂದನೆ ಸುಮಾರು 30 ಶೇಕಡಾ ಕುಗ್ಗಿತ್ತು. ನಿದ್ದೆ ಕದ್ದು ವ್ಯಾಯಾಮಕ್ಕೆ ಏಳಬೇಡಿ.

ಸಂಶೋಧನೆಯಲ್ಲಿ ಮಿದುಳಿಗೆ ಇನ್ಸುಲಿನ್ ತಲುಪಿಸಲು ಮೂಗಿಗೆ ಸಿಂಪಡಿಸುವುದುಂಟು. ಅದನ್ನು ಮನೆಯಲ್ಲಿ ಮಾಡಲು ಹೋಗಬೇಡಿ.

ಇನ್ಸುಲಿನ್ ಅಥವಾ ಸಲ್ಫೊನಿಲ್‌ಯೂರಿಯಾ (ಇನ್ಸುಲಿನ್ ಹೆಚ್ಚು ಸುರಿಸುವ ಔಷಧ) ಮಾತ್ರೆ ತೆಗೆದುಕೊಳ್ಳುವ ಮಧುಮೇಹಿಗಳಿಗೆ ಬರಿಹೊಟ್ಟೆಯ ವ್ಯಾಯಾಮ ಅಪಾಯಕಾರಿ. ವೈದ್ಯರೊಂದಿಗೆ ಮಾತಾಡದೆ ಬೇಡವೇ ಬೇಡ. ಹೊರಡುವ ಮುನ್ನ ಸಕ್ಕರೆ ನೋಡಿ: ಡೆಸಿಲೀಟರ್ ರಕ್ತಕ್ಕೆ 90 ಮಿ.ಗ್ರಾಂಗಿಂತ ಕೆಳಗಿದ್ದರೆ 15–30 ಗ್ರಾಂ ಕಾರ್ಬೊಹೈಡ್ರೇಟ್ ತಿನ್ನಿ, 250 ದಾಟಿ ಕೀಟೋನ್ (ಕೊಬ್ಬು ಒಡೆದಾಗ ಹುಟ್ಟುವ ಆಮ್ಲೀಯ ವಸ್ತು) ಕೂಡ ಇದ್ದರೆ ಅಂದು ವ್ಯಾಯಾಮ ಬಿಡಿ. ನಡೆಯುವ ದಿನ ತೊಡೆಗೆ ಚುಚ್ಚಿದ ಇನ್ಸುಲಿನ್ ಬೇಗ ರಕ್ತ ಸೇರುತ್ತದೆ. ಜೇಬಿನಲ್ಲಿ ಗ್ಲೂಕೋಸ್ ಇರಲಿ.

ಫಲ ನೋಡಲು ತಕ್ಕಡಿಗಿಂತ ಟೇಪು ವಾಸಿ. ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ತುದಿಯ ನಡುಮಧ್ಯೆ, ಉಸಿರು ಬಿಟ್ಟ ಮೇಲೆ, ಎರಡು ವಾರಕ್ಕೊಮ್ಮೆ ಬೆಳಿಗ್ಗೆ ಅಳೆದು ಬರೆದಿಡಿ.