ಎರಡನೇ ಗಾಜಿನ ಸುತ್ತಲಿನ ಸಂದು: ಮೂರನೇ ಸಲಕ್ಕೆ ಗೆದ್ದೆ

ಹೊರಗಿನ ಸದ್ದು ತಡೆಯಲು ಹಳೇ ಕಿಟಕಿಯ ಒಳಗಡೆ ಎರಡನೇ ಗಾಜು ಕೂರಿಸುವುದೇ ಕಷ್ಟ ಅಂದುಕೊಂಡಿದ್ದೆ. ಗಾಜು ಅರ್ಧ ದಿನದಲ್ಲಿ ಕೂತಿತು. ಹೊಸ ಚೌಕಟ್ಟಿಗೂ ಗೋಡೆಗೂ ನಡುವಿನ ಸಂದು ಮಾತ್ರ ಎರಡು ತಿಂಗಳು ತಿಂದಿತು.

ಗೋಡೆ ನೆಟ್ಟಗಿರಲಿಲ್ಲ. ಮೇಲೆ ಸಂದು 4 ಮಿ.ಮೀ. ಇದ್ದರೆ ಕೆಳಗೆ ಬರುವಷ್ಟರಲ್ಲಿ ಸುಮಾರು 14. ಮೊದಲ ಸಲ ಡಬ್ಬಿಯಿಂದ ಹೊಡೆದರೆ ಉಬ್ಬಿ ಗಟ್ಟಿಯಾಗುವ ಫೋಮ್ ಹೊಡೆದೆ. ಕಿಟಕಿಗೆಂದೇ ಸಿಗುವ, ಕಡಿಮೆ ಉಬ್ಬುವ ಫೋಮ್ ಅಲ್ಲ, ಮಾಮೂಲಿಯದು. ಬೆಳಿಗ್ಗೆ ನೋಡಿದರೆ ಚೌಕಟ್ಟು ನಡುವಲ್ಲಿ ಬಾಗಿತ್ತು, ಜಾರುವ ಗಾಜು ಅಲುಗಾಡಲಿಲ್ಲ. ಅದನ್ನು ಬ್ಲೇಡಿನಲ್ಲಿ ಕೊಯ್ದು ತೆಗೆಯಲು ಒಂದು ರಜಾದಿನ ಪೂರ್ತಿ ಹೋಯಿತು.

ಎರಡನೇ ಸಲ ಸಂದನ್ನೆಲ್ಲ ಸಿಲಿಕಾನಿನಿಂದಲೇ ತುಂಬಿದೆ. ಐದಾರು ಟ್ಯೂಬು ಖಾಲಿ. ಆ ದುಡ್ಡಿಗೆ ಸಣ್ಣ ಕಿಟಕಿಯೊಂದರ ಗಾಜೇ ಬರುತ್ತಿತ್ತು! ಆಳವಿದ್ದ ಕಡೆ ವಾರವಾದರೂ ಒಳಗೆ ಹಸಿ. ಸಿಲಿಕಾನ್ ಎರಡು ಬದಿಗೆ ಸಾಲದೆಂದು ಹಿಂಬದಿಗೂ ಅಂಟಿಕೊಂಡಿದ್ದರಿಂದ ಎಳೆದಾಡಲು ಜಾಗವಿಲ್ಲದೆ ಅಂಚಿನಲ್ಲಿ ಬಿಟ್ಟುಕೊಂಡಿತು. ಅದರ ಮೇಲೆ ಬಣ್ಣವೂ ನಿಲ್ಲಲಿಲ್ಲ. ಹುಳಿ ವಾಸನೆಯ ಸಿಲಿಕಾನ್ ಸಿಮೆಂಟಿಗೆ ಆಗಿಬರುವುದಿಲ್ಲ ಅನ್ನುವುದನ್ನೂ ಆಗಲೇ ಕಲಿತೆ.

ಮೂರನೇ ಸಲ ಫೋಮ್ ರಾಡ್ ತಂದೆ, ಸಂದಿನ ಒಳಗೆ ತುರುಕುವ ಮೆತ್ತನೆಯ ಹಗ್ಗದಂಥದ್ದು. ಕೆಲಸ ಗೊತ್ತಿದ್ದವರೇ ಬೇಡವೆಂದು ತಲೆಯಾಡಿಸಿದರು. "ಇಷ್ಟೆಲ್ಲ ಯಾಕೆ, ಸುಮ್ನೆ ಬೀಡಿಂಗ್ ಹೊಡೆದು ಮುಚ್ಚಿ" ಅಂದರು. ಬೀಡಿಂಗ್ ಅಂದರೆ ಅಂಚಿಗೆ ಹೊಡೆಯುವ ತೆಳು ಪಟ್ಟಿ, ಅದು ಸಂದನ್ನು ಕಣ್ಣಿಗೆ ಮುಚ್ಚುತ್ತದೆ, ಗಾಳಿಗೆ ಮುಚ್ಚುವುದಿಲ್ಲ. ಗಾಳಿ ನುಗ್ಗಿದ ಕಡೆ ಸದ್ದೂ ನುಗ್ಗುತ್ತದೆ ಅಲ್ವಾ? ಸದ್ದು ತಡೆಯಲೆಂದೇ ತಾನೇ ನಾನು ಗಾಜು ಹಾಕಿಸಿದ್ದು.

ರಾಡ್ ಸಂದಿಗಿಂತ ಕಾಲು ಭಾಗ ದಪ್ಪ ಇರಬೇಕು. 10ರ ಸಂದಿಗೆ 12, 13ರದು. ಮೊಂಡು ಪಟ್ಟಿಯಿಂದ ಒತ್ತಿ, ಸ್ಕ್ರೂಡ್ರೈವರ್ ಬೇಡ. ರಾಡ್ ತೂತಾದರೆ ಅದರ ಮೇಲೆ ಎಳೆಯುವ ಸೀಲೆಂಟಿನಲ್ಲಿ, ಅಂದರೆ ಸಂದು ಮುಚ್ಚುವ ಪೇಸ್ಟಿನಲ್ಲಿ, ಗುಳ್ಳೆ ಬರುತ್ತದೆ. ರಾಡಿನ ಮೇಲೆ 5, 6 ಮಿ.ಮೀ. ಆಳ ಬಿಟ್ಟು ಅಕ್ರಿಲಿಕ್ ಸೀಲೆಂಟ್ ಎಳೆದೆ. ಗೆರೆ ನೇರ ಬರಲೆಂದು ಅಂಚಿಗೆ ಹಚ್ಚಿದ್ದ ಟೇಪನ್ನು ಸೀಲೆಂಟ್ ಹಸಿಯಿರುವಾಗಲೇ ಕಿತ್ತೆ. ಅಕ್ರಿಲಿಕ್ ಒಣಗುತ್ತಾ ಕುಗ್ಗುತ್ತದೆ, ಅದಕ್ಕೆ ಮರುದಿನ ಇನ್ನೊಂದು ತೆಳು ಕೋಟು. ಜಾಸ್ತಿ ಜನ ಇದನ್ನೇ ಬಿಡುತ್ತಾರೆ. ಮೇಲ್ಗಡೆಯ 4 ಮಿ.ಮೀ. ಸಂದಿಗೆ 6ರ ರಾಡನ್ನು ಹರಿಯದಂತೆ ಹೇಗೆ ತೂರಿಸಿದೆ ಅನ್ನುವುದು ನನ್ನ ಹತ್ತಿರವೇ ಇರಲಿ. ಮೂಲೆಯ ಗೆರೆ ಅಷ್ಟು ಚೂಪಾಗಿ ಬಂದದ್ದರ ಗುಟ್ಟೂ ಅಷ್ಟೇ.

ಖರ್ಚು? ಸಿಲಿಕಾನಿಗೆ ಸುರಿದದ್ದರ ಮೂರನೇ ಒಂದು ಭಾಗವೂ ಆಗಲಿಲ್ಲ.

ಊದುಬತ್ತಿ ಹಚ್ಚಿ ಸುತ್ತಲೂ ಹಿಡಿದೆ. ಒಂದು ಕಡೆ ಹೊಗೆ ವಾಲಿತು, ಕೆಳಗಿನ ಎಡ ಮೂಲೆಯಲ್ಲಿ. ಅಲ್ಲಿ ರಾಡಿನ ಎರಡು ತುದಿ ಕೂಡಿರಲಿಲ್ಲ. ಬಿಚ್ಚಿ ಸರಿಮಾಡಿದೆ.

ಇನ್ನೊಂದು ಕಿಟಕಿಯಲ್ಲಿ ಬೇರೆ ಪ್ರಯೋಗ ಮಾಡಿದೆ. ಹೊರಗಿನ ಹಳೇ ಕಿಟಕಿಯ ಸಂದನ್ನೂ ಬಿಗಿಯಾಗಿ ಮುಚ್ಚಿಬಿಟ್ಟೆ. ಎರಡು ಗಾಜಿನ ನಡುವೆ ಮಂಜು ಕಟ್ಟಿತು. ಒಳಗೆ ಸೇರಿಕೊಂಡ ತೇವಕ್ಕೆ ಹೋಗಲು ದಾರಿಯೇ ಇರಲಿಲ್ಲ. ಹೊರಗಡೆ ಒಂದೆರಡು ಕಡೆ ಕೊಯ್ದು ಉಸಿರಾಡಲು ಬಿಟ್ಟ ಮೇಲೆ ನಾಲ್ಕೈದು ದಿನದಲ್ಲಿ ತಿಳಿಯಾಯಿತು. ಕೋಣೆಯ ಕಡೆ ಮಾತ್ರ ಬಿಗಿ ಇರಲಿ.

ಎರಡು ವರ್ಷವಾಗುತ್ತಾ ಬಂತು, ಒಂದು ಬಿರುಕೂ ಇಲ್ಲ. ಬೀಡಿಂಗ್ ಹೊಡೆಯಿರಿ ಅಂದವರೊಬ್ಬರು ಮೊನ್ನೆ ಬಂದು ಬೆರಳಾಡಿಸಿ ನೋಡಿದರು. ರಾಡಿನ ಅಳತೆ ಬರೆದುಕೊಂಡು ಹೋದರು.